ಮೂರನೇ ಅಧ್ಯಾಯದ ತನಕ

ತೂಕ ಇಳಿಸುವ ಪುಸ್ತಕಗಳಿಗೆ ಯಾರೂ ವಿಮರ್ಶೆ ಬರೆಯುವುದಿಲ್ಲ. ಭಾನುವಾರದ ಪುರವಣಿಯಲ್ಲಿ ಕಾದಂಬರಿಗೆ ಅರ್ಧ ಪುಟ ಸಿಕ್ಕರೆ ಇವಕ್ಕೆ ‘ಸಾದರ ಸ್ವೀಕಾರ’ದಲ್ಲಿ ಒಂದು ಸಾಲು. ಗ್ರಂಥಾಲಯದ ಮೇಜಿನ ಹಿಂದೆ ಕೂತವರಿಗೆ ಮಾತ್ರ ಇವುಗಳ ಓಡಾಟ ಗೊತ್ತು. ಎರವಲು ಹೋದ ಪುಸ್ತಕ ವಾಪಸ್ ಬಂದಾಗ ಮುಚ್ಚಿ, ಅಡ್ಡ ಹಿಡಿದು ಅಂಚು ನೋಡಬೇಕು. ಮೊದಲ ನಲವತ್ತು ಐವತ್ತು ಪುಟಗಳ ಅಂಚು ಬೆರಳಿನ ಜಿಡ್ಡಿಗೆ ಕಂದಾಗಿರುತ್ತದೆ, ಅದರಾಚೆಗೆ ಅಚ್ಚಿನ ಮನೆಯಿಂದ ಬಂದ ದಿನದ ಬಿಳುಪು. ಮೂರನೇ ಅಧ್ಯಾಯದ ಹತ್ತಿರ ಯಾರೋ ಪೆನ್ಸಿಲ್‌ನಲ್ಲಿ ಬರೆದ ಅಂಕಿ: 71, 70, ಮತ್ತೆ 71. ಆಮೇಲೆ ಏನೂ ಇಲ್ಲ. ಅಡುಗೆ ಪುಸ್ತಕಗಳಿಗೆ ಈ ಗತಿ ಬರುವುದಿಲ್ಲ. ಅವುಗಳಲ್ಲಿ ಎಣ್ಣೆ ಕಲೆ ಕೊನೆಯ ಪುಟದ ಉಪ್ಪಿನಕಾಯಿಯ ತನಕ ಹೋಗಿರುತ್ತದೆ.

ನಾನು ಗೂಗಲ್ ಕಡೆಯ ಗ್ರಂಥಾಲಯದಾಕೆ. ಹೆಸರು ಕೇಳಿ ಮೊಬೈಲ್ ತೆಗೆಯಬೇಡಿ. ಇದು ದೇವದುರ್ಗ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಗಿರುವ, ಅಲ್ಲಮಪ್ರಭುವಿನ ಗುಡಿಯ ಊರು. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯ ಕೈಯಿಂದ ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು, ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂದಿರುತ್ತದೆ. ಒಳಗಿನ ದಿನಚರಿ ಹೆಚ್ಚು ಬದಲಾಗಿಲ್ಲ. ಮುಂಜಾನೆ ಪ್ರಜಾವಾಣಿ, ಸುದ್ದಿಮೂಲ ಹಂಚಿಕೊಂಡು ಓದುವ ಹಿರಿಯರು, ಹೊತ್ತೇರಿದ ಮೇಲೆ ಸ್ಪರ್ಧಾ ಪರೀಕ್ಷೆಯ ಹುಡುಗರು, ಶಾಲೆ ಬಿಟ್ಟ ಮೇಲೆ ಕೇರಂ ಬೋರ್ಡಿಗೆ ಜಗಳಾಡುವ ಸಣ್ಣವರು. ಗ್ರಂಥಾಲಯದಾಕೆ ಎಂದರೆ ದಿನವಿಡೀ ಓದುತ್ತಾಳೆ ಎಂದು ನಮ್ಮ ಬೀಗರು ತಿಳಿದಿದ್ದಾರೆ. ನಾವು ಓದುವುದು ಬೆನ್ನುಡಿ, ಮುನ್ನುಡಿ, ಪರಿವಿಡಿ. ನಡುವಿನ ಪುಟಗಳನ್ನು ನಿಂತ ಕಾಲಲ್ಲೇ, ಯಾರಾದರೂ ಕರೆಯುವ ತನಕ. ಇಂಥ ಓದಿಗೆ ತೂಕ ಇಳಿಸುವ ಪುಸ್ತಕ ಹೇಳಿ ಮಾಡಿಸಿದ್ದು, ಯಾವ ಪುಟ ತೆಗೆದರೂ ಅಲ್ಲೊಂದು ಆಜ್ಞೆ ಸಿಗುತ್ತದೆ. ಕೂತು ಮಾಡುವ ಕೆಲಸ, ಸೊಂಟ ತನ್ನ ಪಾಡಿಗೆ ಬೆಳೆಯಿತು. ಹಾಗಾಗಿ ಆ ಅಲ್ಮೇರಾವನ್ನು ಓದುಗರಿಗಷ್ಟೇ ಬಿಡದೆ ನಾನೂ ಒಂದೊಂದಾಗಿ ಮನೆಗೆ ಒಯ್ದೆ, ಕೆಲವನ್ನು ಪಾಲಿಸಿಯೂ ನೋಡಿದೆ.

ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ತೂಕ ಇಳಿಸುವ ಆಹಾರಕ್ರಮದ ಜಾಗ 613.25. ಅಡುಗೆ 641.5ರಲ್ಲಿ, ಬೊಜ್ಜನ್ನು ಕಾಯಿಲೆಯೆಂದು ಕಾಣುವ ವೈದ್ಯಗ್ರಂಥ 616ರಲ್ಲಿ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎನ್ನುವ ವ್ಯಕ್ತಿತ್ವ ವಿಕಸನ 158ರಲ್ಲಿ. ನಮ್ಮ ಈ ಪುಸ್ತಕಗಳು ಬೆನ್ನಿಗೆ 613 ಅಂಟಿಸಿಕೊಂಡು ನಾಲ್ಕೂ ಕಡೆ ಮೇಯುತ್ತವೆ. ವೈದ್ಯರ ಗತ್ತಿನಲ್ಲಿ ಶುರುವಾಗಿ, ಎರಡನೇ ಅಧ್ಯಾಯಕ್ಕೆ ಅಡುಗೆಮನೆಗೆ ಬಂದು, ಮೂರು ಮುಗಿಯುವಷ್ಟರಲ್ಲಿ 158ಕ್ಕೆ ಜಿಗಿಯುತ್ತವೆ. ಅಲ್ಲಿಂದ ಮುಂದೆ ಮಾತು ಊಟದ ಬಗ್ಗೆ ಇರುವುದಿಲ್ಲ, ನಿಮ್ಮ ಸಂಕಲ್ಪದ ಬಗ್ಗೆ, ಶಿಸ್ತಿನ ಬಗ್ಗೆ ಇರುತ್ತದೆ. ತೂಕ ಇಳಿದರೆ ಪುಸ್ತಕದ ಹಿರಿಮೆ, ಇಳಿಯದಿದ್ದರೆ ನಿಮ್ಮ ಮನಸ್ಸಿನ ದೌರ್ಬಲ್ಯ. ಯಾವ ಫಲ ಬಂದರೂ ಪುಸ್ತಕ ತಾನು ಸೋಲದಂತೆ ನೋಡಿಕೊಂಡಿರುತ್ತದೆ. ಓದುಗರು ಅಲ್ಲಿಗೇ ಕೈಬಿಡುವುದನ್ನು ನಾನು ಸೋಮಾರಿತನ ಎನ್ನಲಾರೆ. ಅದು ಒಳ್ಳೆಯ ಓದುಗರ ಲಕ್ಷಣ.

ಈ ಜಾತಿಯ ಮೂಲಪುರುಷ ಹೀಗಿರಲಿಲ್ಲ. ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ರಾಜಮನೆತನದವರ ಅಂತ್ಯಕ್ರಿಯೆಗೂ ಸಾಮಗ್ರಿ ಒದಗಿಸುತ್ತಿದ್ದ ವ್ಯಾಪಾರಿ. ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವೆ ಎಂಬ ವೈದ್ಯನ ಹತ್ತಿರ ಹೋದ. ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗಡ್ಡೆ ಬಿಡು ಎಂದು ಆತ ಹೇಳಿದ. ಬ್ಯಾಂಟಿಂಗ್ ಬಿಟ್ಟ. ಒಂದು ವರ್ಷದಲ್ಲಿ 202 ಪೌಂಡಿನಿಂದ 156 ಪೌಂಡಿಗೆ, ಅಂದರೆ ಸುಮಾರು 21 ಕಿಲೊ ಇಳಿದ. 1863ರಲ್ಲಿ ಅದನ್ನೊಂದು ಪುಸ್ತಿಕೆ ಮಾಡಿ ಮೊದಲ ಆವೃತ್ತಿಯನ್ನು ಪುಕ್ಕಟೆ ಹಂಚಿದ. ಆ ಊಟದ ಪಟ್ಟಿ ನಮಗೆ ಬೇಡ; ಮಾಂಸವೂ ಮದ್ಯವೂ ಅದರಲ್ಲಿ ಧಾರಾಳ. ಮೆಚ್ಚಬೇಕಾದ್ದು ಅವನ ಧಾಟಿಯನ್ನು. ತಾನು ವೈದ್ಯನಲ್ಲ, ತನಗೆ ಆದದ್ದು ಇಷ್ಟು, ತೂಕ ಇಂಥ ತಾರೀಖಿಗೆ ಇಂತಿಷ್ಟು ಎಂದು ಲೆಕ್ಕ ಒಪ್ಪಿಸಿ ಪಕ್ಕಕ್ಕೆ ಸರಿಯುತ್ತಾನೆ. ಓದುಗರನ್ನು ಬೈಯುವ ಉಸಾಬರಿ ಇಲ್ಲ.

ಬೈಗುಳ ಬಂದದ್ದು ಗಣಿತದ ಜೊತೆ. 1918ರಲ್ಲಿ ಅಮೆರಿಕದ ವೈದ್ಯೆ ಲುಲು ಹಂಟ್ ಪೀಟರ್ಸ್ ಜನರ ಬಾಯಿಗೆ ‘ಕ್ಯಾಲೊರಿ’ ತಂದರು. ಒಂದು ತುಂಡು ಬ್ರೆಡ್ ಎನ್ನಬೇಡಿ, ನೂರು ಕ್ಯಾಲೊರಿ ಬ್ರೆಡ್ ಎನ್ನಿ ಎಂಬ ಪಾಠ ಅವರದು. ನಗಿಸಿ ಬರೆಯುತ್ತಾರೆ, ಚಿತ್ರಗಳನ್ನು ಪುಟ್ಟ ಸೋದರಳಿಯನಿಂದ ಬರೆಸಿದ್ದಾರೆ. ಆದರೆ ಅದು ಮೊದಲ ಮಹಾಯುದ್ಧದ ಕಾಲ. ನೀವು ಬಿಟ್ಟ ತುತ್ತು ಹಸಿದ ಮಗುವಿಗೆ ಹೋಗುತ್ತದೆ ಎಂಬ ನೈತಿಕ ಒತ್ತಡ ಆ ನಗೆಯ ಕೆಳಗೇ ಇದೆ. ಮುಂದೆ 1958ರಲ್ಲಿ ಮ್ಯಾಕ್ಸ್ ವಿಷ್ನಾಫ್‌ಸ್ಕಿ ಎಂಬ ವೈದ್ಯ ಒಂದು ಪೌಂಡ್ ತೂಕಕ್ಕೆ 3,500 ಕ್ಯಾಲೊರಿ ಎಂದು ಬರೆದದ್ದೇ ತಡ, ಇಡೀ ಪುಸ್ತಕೋದ್ಯಮಕ್ಕೆ ಭಾಗಾಕಾರ ಸಿಕ್ಕಿತು: ದಿನಕ್ಕೆ 500 ಕಡಿಮೆ ತಿನ್ನಿ, ವಾರಕ್ಕೊಂದು ಪೌಂಡ್ ಇಳಿಯಿರಿ. ದೇಹ ಹಗುರಾದಂತೆ ಅದರ ಖರ್ಚೂ ಇಳಿಯುತ್ತದೆ, ಹಾಗಾಗಿ ಇಳಿಕೆ ನಿಧಾನವಾಗಿ ನಿಂತೇಬಿಡುತ್ತದೆ ಎಂಬುದನ್ನು ಎಷ್ಟೋ ಪುಸ್ತಕಗಳು ಹೇಳುವುದೇ ಇಲ್ಲ. ನೀರು, ಉಪ್ಪಿನ ಹೆಚ್ಚುಕಡಿಮೆಯಿಂದಲೇ ಒಂದು ದಿನದಲ್ಲಿ ಕಾಂಟಾ ಒಂದು ಕಿಲೊ ಅತ್ತಿತ್ತ ಆಡಬಹುದು. ಪೆನ್ಸಿಲ್‌ನಲ್ಲಿ 71, 70, 71 ಬರೆದಾಕೆಗೆ ಇದನ್ನು ಮೂರನೇ ಅಧ್ಯಾಯದಲ್ಲೇ ಹೇಳಿದ್ದರೆ ನಾಲ್ಕನೆಯದನ್ನೂ ಓದುತ್ತಿದ್ದಳೇನೋ.

ನಮ್ಮವರ ಪೈಕಿ ಆಹಾರತಜ್ಞೆ ಋಜುತಾ ದಿವೇಕರ್ ಅವರ 2009ರ ಇಂಗ್ಲಿಷ್ ಪುಸ್ತಕ ನನಗೆ ಹಿಡಿಸಿತು. ತುಪ್ಪ ಬಿಡಬೇಡಿ, ಅನ್ನಕ್ಕೆ ಹೆದರಬೇಡಿ, ಅಜ್ಜಿ ತಿಂದದ್ದನ್ನು ತಿನ್ನಿ ಎನ್ನುವ ಧೈರ್ಯ ಅದರಲ್ಲಿದೆ. ಎದ್ದ ಕೂಡಲೆ ಚಹಾ ಬೇಡ, ಏನಾದರೂ ತಿನ್ನಿ. ಎರಡೆರಡು ತಾಸಿಗೆ ಸ್ವಲ್ಪ ಸ್ವಲ್ಪ ತಿನ್ನಿ ಎನ್ನುತ್ತದೆ. ನಾನು ಮಾಡಿ ನೋಡಿದೆ. ಎರಡು ತಾಸಿಗೊಮ್ಮೆ ಡಬ್ಬಿ ತೆಗೆಯುವುದು ಮೇಜಿನ ಮುಂದೆ ಹತ್ತು ಜನ ಕೂತ ಜಾಗದಲ್ಲಿ ಆಗದ ಮಾತು. “ಅಕ್ಕಾರಿಗೆ ಮತ್ತ ಹಸಿವಾತು” ಎಂದು ಹುಡುಗರು ನಗುತ್ತಿದ್ದರು. ಪುಸ್ತಕ ಕಣ್ಣಮುಂದೆ ಇಟ್ಟುಕೊಂಡಿರುವ ಓದುಗಾರ್ತಿ ಮುಂಬೈಯವಳು. ಅವಳ ಹೊತ್ತು, ಅವಳ ಫ್ರಿಜ್ಜು, ಅವಳ ಅಡುಗೆಯಾಕೆ ಎಲ್ಲ ಸಾಲುಗಳ ನಡುವೆ ಓಡಾಡುತ್ತವೆ. ಅದು ಲೇಖಕಿಯ ತಪ್ಪಲ್ಲ. ಆದರೂ ಅಜ್ಜಿಯ ಊಟಕ್ಕೆ ಮರಳಿ ಎನ್ನುವವರು ಅಜ್ಜಿಯ ದುಡಿಮೆಗೂ ಒಂದು ಅಧ್ಯಾಯ ಕೊಡಬೇಕಿತ್ತು.

ಕನ್ನಡದಲ್ಲಿ ಈ ಅಲ್ಮೇರಾವನ್ನು ಆಳುತ್ತಿರುವುದು ಸಿರಿಧಾನ್ಯ. ಮೈಸೂರಿನ ಡಾ. ಖಾದರ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ನವಣೆ, ಸಾಮೆ, ಆರ್ಕ, ಊದಲು, ಕೊರಲೆಯನ್ನು ಮರೆವಿನಿಂದ ಎತ್ತಿ ತಟ್ಟೆಗೆ ತಂದ ಅವರ ಕೆಲಸ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಕಡೆ ನವಣಕ್ಕಿ ಅನ್ನ ಮರೆತೇ ಹೋಗಿತ್ತು. ನನ್ನ ತಕರಾರು ಎರಡು. ತೂಕದಿಂದ ಹೊರಟ ಮಾತು ಕಾಯಿಲೆಗೊಂದು ಧಾನ್ಯ ಎಂಬಲ್ಲಿಗೆ ಬೆಳೆಯುತ್ತದೆ, ಅಷ್ಟು ದೊಡ್ಡ ಭರವಸೆಗೆ ತಕ್ಕ ಪುರಾವೆಯನ್ನು ಪುಟಗಳಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ಇನ್ನೊಂದು, ಅವರ ಧಾನ್ಯಗಳ ವಿಂಗಡಣೆಯಲ್ಲಿ ಜೋಳ ‘ತಟಸ್ಥ ಧಾನ್ಯ’. ಬಿಳಿಜೋಳದ ಸೀಮೆಯವರು ಇದನ್ನು ಓದಿ, ಮನೆಯ ಜೋಳ ಬದಿಗಿಟ್ಟು, ಪೇಟೆಯಿಂದ ದುಬಾರಿ ಕೊರಲೆ ತರುವುದನ್ನು ನಾನು ಕಂಡಿದ್ದೇನೆ.

ಹಾಗಾದರೆ ಜೋಳ ಏನು? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಯಾರೂ ಎರವಲು ಒಯ್ಯದ ಪುಸ್ತಕದಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಕೋಷ್ಟಕ ಅದು, 2017ರ ಆವೃತ್ತಿ. ಅದರ ಅಜ್ಜ 1937ರಲ್ಲಿ ಕೂನೂರಿನಲ್ಲಿ ಪೋಷಣಾ ವಿಜ್ಞಾನಿ ಐಕ್ರಾಯ್ಡ್ ಸಿದ್ಧಪಡಿಸಿದ ಸಣ್ಣ ಪುಸ್ತಿಕೆ. ಉಪದೇಶವಿಲ್ಲ, ಉದ್ಗಾರವಿಲ್ಲ, ಪುಟ ತುಂಬ ಅಂಕಿ. ನೂರು ಗ್ರಾಂ ಜೋಳಕ್ಕೆ 334 ಕ್ಯಾಲೊರಿ, ಪಾಲಿಷ್ ಅಕ್ಕಿಗೆ 356. ಅಷ್ಟರಿಂದ ದೊಡ್ಡ ವ್ಯತ್ಯಾಸವೇನೂ ಆಗುವುದಿಲ್ಲ. ನಾರಿನ ಅಂಶದಲ್ಲಿ ಮಾತ್ರ ಜೋಳಕ್ಕೆ 10 ಗ್ರಾಂ, ಅಕ್ಕಿಗೆ 3ಕ್ಕೂ ಕಡಿಮೆ. ಖಡಕ್ ರೊಟ್ಟಿಯನ್ನು ಅಗಿದು ನುಂಗಲು ಹೊತ್ತು ಬೇಕು, ಸೋನಾಮಸೂರಿ ಅನ್ನ ಸಾರಿನ ಜೊತೆ ತಾನೇ ಇಳಿಯುತ್ತದೆ. ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ಬಂದು, ಹೊಲ ಗದ್ದೆಯಾಗಿ, ರಾತ್ರಿಯ ಊಟ ರೊಟ್ಟಿಯಿಂದ ಅನ್ನಕ್ಕೆ ಹೊರಳಿದ್ದು ಇಲ್ಲಿನ ಸೊಂಟದಳತೆಯ ನಿಜವಾದ ಚರಿತ್ರೆ. ಅದನ್ನು ಬರೆದ ತೂಕದ ಪುಸ್ತಕ ನಾನು ಇನ್ನೂ ನೋಡಿಲ್ಲ.

ಅದೇ ಹೈದರಾಬಾದಿನವರ 2020ರ ಲೆಕ್ಕದಲ್ಲಿ ಕೂತು ದುಡಿಯುವ ಹೆಂಗಸಿಗೆ ದಿನಕ್ಕೆ 1,660 ಕ್ಯಾಲೊರಿ ಸಾಕು, ಮೈಮುರಿದು ದುಡಿಯುವವಳಿಗೆ 2,720 ಬೇಕು. ವ್ಯತ್ಯಾಸ 1,060. ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ ಸುಮಾರು ಆರು ರೊಟ್ಟಿ. ನಮ್ಮವ್ವ ಹತ್ತಿ ಹೊಲದಲ್ಲಿ ಕಳೆ ತೆಗೆಯುತ್ತ ಕರಗಿಸಿದ ಆ ಆರು ರೊಟ್ಟಿ ನನ್ನ ಮೈಮೇಲೆ ಕೂತಿವೆ. ಈ ಒಂದು ಲೆಕ್ಕ ನನಗೆ ಎಲ್ಲ ಸಂಕಲ್ಪಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂತು. ರಾತ್ರಿ ರೊಟ್ಟಿಗೆ ಮರಳಿದೆ, ಪುಂಡಿಪಲ್ಯ ಹೆಚ್ಚಿಸಿದೆ, ಸಂಜೆಯ ಮಿರ್ಚಿ ಮಂಡಾಳು ಕಡಿಮೆ ಮಾಡಿದೆ. ಪೂರ್ತಿ ಬಿಡುವುದು ರಾಯಚೂರು ಜಿಲ್ಲೆಯಲ್ಲಿ ಹುಟ್ಟಿದವರಿಂದ ಆಗದು. ಹತ್ತಿ ತೂಗುವ ಕಾಂಟಾದ ಮೇಲೆ ಆಗಾಗ ನಿಲ್ಲುತ್ತೇನೆ. ಇಳಿದಿದೆ, ಪುಸ್ತಕಗಳು ಮುಖಪುಟದಲ್ಲಿ ಮಾತು ಕೊಡುವಷ್ಟಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೇ ಸಮೀಕ್ಷೆ ನಡೆದಾಗ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ 30 ಮಂದಿಗೆ ತೂಕ ಹೆಚ್ಚು, ಸುಮಾರು ಶೇ 17 ಮಂದಿಗೆ ಇರಬೇಕಾದುದಕ್ಕಿಂತ ಕಡಿಮೆ. ಪುಸ್ತಕಗಳೆಲ್ಲ ಮೊದಲಿನವರಿಗೆ. ಎರಡನೆಯವರು ನನ್ನ ಮೇಜಿನ ಮುಂದೆ ಒಬ್ಬ ಹುಡುಗಿಯ ರೂಪದಲ್ಲಿ ಬಂದು ನಿಂತರು. ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಗೆ ಓದುತ್ತಿದ್ದಳು, ದೈಹಿಕ ಪರೀಕ್ಷೆಗೆ ತೂಕ ಸಾಲದು.

“ಅಕ್ಕಾರ, ತೂಕ ಏರಸೋ ಪುಸ್ತಕ ಐತೇನ್ರಿ?”

ಅಲ್ಮೇರಾ ತುಂಬ ಇಳಿಸುವವೇ. ಓದುಗರಿಗೆಲ್ಲ ಅವರವರ ಪುಸ್ತಕ ಸಿಗಬೇಕೆಂದು ಗ್ರಂಥಾಲಯ ವಿಜ್ಞಾನದ ರಂಗನಾಥನ್ 1931ರಲ್ಲೇ ಸೂತ್ರ ಬರೆದಿಟ್ಟಿದ್ದಾರೆ, ಪ್ರಕಾಶಕರು ಅದನ್ನು ಓದಿಲ್ಲ. ಆಹಾರ ಕೋಷ್ಟಕವನ್ನೇ ತೆಗೆದುಕೊಟ್ಟೆ. ಇಳಿಸುವವರು ಹೆದರಿ ದಾಟಿಹೋಗುವ ಸಾಲನ್ನು ಅವಳು ಬೆರಳಿಟ್ಟು ಹುಡುಕಿದಳು: ಶೇಂಗಾ, ನೂರು ಗ್ರಾಂಗೆ 520 ಕ್ಯಾಲೊರಿ, ಪ್ರೋಟೀನು 23 ಗ್ರಾಂ ಮೇಲೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಹಾಲು, ಮೊಟ್ಟೆ, ಬೆಲ್ಲ ಬರೆದುಕೊಂಡಳು. ಪುಟ ಹಿಂದೆ ಮುಂದೆ ತಿರುವಿ, ಕೊನೆಯ ಹೊದಿಕೆಯನ್ನೂ ನೋಡಿ ಕೇಳಿದಳು:

“ಇದರಾಗ ರೇಟ್ ಎಲ್ಲೂ ಬರದಿಲ್ಲಲ್ರಿ ಅಕ್ಕಾ?”