ಹಿಟ್ಟಿನ ಕೋಳಿಯೂ ಹಸಿರು ರಕ್ತವೂ

ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಕವಿಚಕ್ರವರ್ತಿ ಜನ್ನನು ಕ್ರಿ.ಶ. 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಕಥೆ ಜೈನ ಮನೆತನಗಳಿಗೆ ಹೊಸದಲ್ಲ. ತಾಯಿ ಚಂದ್ರಮತಿಯು ಜೀವಬಲಿಗೆ ಒತ್ತಾಯಿಸಿದಾಗ ಯಶೋಧರ ಮಹಾರಾಜನು ಒಪ್ಪಲಿಲ್ಲ. ಆದರೆ ತಾಯಿಯ ಮಾತನ್ನು ಮೀರಲಾರದೆ ಹಿಟ್ಟಿನ ಕೋಳಿಯನ್ನು ಬಲಿಗೊಡಲು ಸಮ್ಮತಿಸಿ ಖಡ್ಗವನ್ನೆತ್ತಿದನು. ಹರಿಯಲು ಅಲ್ಲಿ ರಕ್ತವಿರಲಿಲ್ಲ. ಆದರೂ ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ-ಮಗ ಇಬ್ಬರೂ ಪಶುಪಕ್ಷಿಗಳ ಜನ್ಮಗಳಲ್ಲಿ ತೊಳಲಬೇಕಾಯಿತು.

ಎಂಟು ಶತಮಾನಗಳ ತರುವಾಯ ಆ ಹಿಟ್ಟಿನ ಕೋಳಿ ಮೊಬೈಲ್ ಫೋನಿನ ಗಾಜಿನ ಮೇಲೆ ಮರಳಿ ಕಾಣಿಸಿಕೊಂಡಿದೆ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಫೋನಿನಲ್ಲಿ ನಡೆಯತೊಡಗಿದಾಗ, ಎಲ್ಲೆಡೆಯಂತೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿಯೂ ಆ ಯಂತ್ರ ಮಕ್ಕಳ ಕೈಸೇರಿತು. ಪಾಠ ಶಾಲೆಗೆ ಹಿಂದಿರುಗಿತು. ಯಂತ್ರ ಮಕ್ಕಳ ಬಳಿಯೇ ಉಳಿಯಿತು. ಅದರೊಳಗಿನ ಪ್ರಸಿದ್ಧ ಆಟ ‘ಪಬ್‌ಜಿ’. ನೂರು ಮಂದಿ ಪ್ಯಾರಾಚೂಟ್‌ನಲ್ಲಿ ದ್ವೀಪವೊಂದಕ್ಕೆ ಇಳಿಯುತ್ತಾರೆ. ಆಯುಧ ಹುಡುಕಿ ಪರಸ್ಪರ ಕೊಲ್ಲುತ್ತಾರೆ. ಸುರಕ್ಷಿತ ವಲಯ ಕುಗ್ಗುತ್ತಾ ಬರುತ್ತದೆ. ಕೊನೆಗೆ ಉಳಿದವನೇ ವಿಜಯಿ. ಅವನಿಗೆ ತೆರೆಯ ಮೇಲೆ ಮೂಡುವ ಅಭಿನಂದನೆಯಾದರೂ ಕೋಳಿಯೂಟದ ಹೆಸರಿನಲ್ಲಿ!

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಈ ಆಟವನ್ನು ನಿಷೇಧಿಸಿತು. ಕಾರಣ ಹಿಂಸೆಯಲ್ಲ, ದೇಶದ ಭದ್ರತೆ. 2021ರ ಜುಲೈನಲ್ಲಿ ಅದು ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಿನಿಂದ ಮರಳಿತು. ಆಗ ರಕ್ತದ ಬಣ್ಣ ಹಸಿರಾಯಿತು. ‘ಕೊಂದನು’ ಎಂಬಲ್ಲಿ ‘ಮುಗಿಸಿದನು’ ಎಂಬ ಮಾತು ಬಂದಿತು. ಗುರಿ, ಬಂದೂಕು, ವಿಜಯದ ಹರ್ಷ ಇದ್ದಂತೆಯೇ ಇವೆ. ಖಾತೆಯ ಶೀರ್ಷಿಕೆಯನ್ನು ತಿದ್ದಿದ ಮಾತ್ರಕ್ಕೆ ಸಾಲ ತೀರುವುದಿಲ್ಲವೆಂಬುದು ಪ್ರತಿಯೊಬ್ಬ ವರ್ತಕನಿಗೂ ತಿಳಿದ ಸಂಗತಿ.

ಹಾಗೆಂದು ಆಡುವ ಬಾಲಕನನ್ನು ಯಶೋಧರನ ಪಂಕ್ತಿಯಲ್ಲಿ ಕೂರಿಸುವುದು ನ್ಯಾಯವಲ್ಲ. ಯಶೋಧರನು ಸಜೀವ ಕೋಳಿಯ ಸ್ಥಾನದಲ್ಲಿ ಹಿಟ್ಟಿನದನ್ನಿಟ್ಟು ಬಲಿಯ ಫಲವನ್ನೇ ಬಯಸಿದನು. ಬಾಲಕನಾದರೋ ಇದು ಚಿತ್ರವೆಂದು ಬಲ್ಲನು. ಅವನಿಗೆ ಬೇಕಾದದ್ದು ಗೆಳೆಯರ ಸಂಗ, ಕೈಚಳಕದ ಹೆಮ್ಮೆ. ಕರ್ಮಬಂಧವನ್ನು ಭಾವದಿಂದ ಅಳೆಯುವ ಧರ್ಮವು ಈ ಭೇದವನ್ನು ಮರೆಯಲಾಗದು. ವಿಶ್ವ ಆರೋಗ್ಯ ಸಂಸ್ಥೆಯೂ ಆಡುವವರೆಲ್ಲರನ್ನು ರೋಗಿಗಳೆಂದಿಲ್ಲ. 2022ರ ಜನವರಿಯಿಂದ ಜಾರಿಗೆ ಬಂದ ಅದರ ರೋಗಪಟ್ಟಿಯಂತೆ, ಆಟದ ಮೇಲೆ ಹಿಡಿತ ತಪ್ಪಿ, ಉಳಿದ ಕರ್ತವ್ಯಗಳೆಲ್ಲ ಹಿಂದೆ ಬಿದ್ದು, ಹಾನಿ ಕಂಡರೂ ಬಿಡಲಾರದ ಸ್ಥಿತಿಯೇ ವ್ಯಾಧಿ.

ಹಾಗಾದರೆ ದೋಷವೆಲ್ಲಿ? ಶ್ರಾವಕಾಚಾರ ಅದಕ್ಕೆ ಹೆಸರನ್ನಿಟ್ಟಿದೆ: ಅನರ್ಥದಂಡ. ಪ್ರಯೋಜನವಿಲ್ಲದೆ ಕಟ್ಟಿಕೊಳ್ಳುವ ಪಾಪವೇ ಅದು. ಪರರ ನಾಶವನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಚಿಂತಿಸುವುದು ಅಪಧ್ಯಾನ. ಹೊತ್ತನ್ನು ವ್ಯರ್ಥವಾಗಿ ಸುಡುವುದು ಪ್ರಮಾದಚರ್ಯೆ. ಒಂದು ಗಂಟೆಯ ಆಟ ವಿನೋದವೆನಿಸಬಹುದು. ಆದರೆ ನಡುರಾತ್ರಿಯವರೆಗೆ ಬೇಟೆಯಾಡಿ ಕನಸಿನಲ್ಲಿಯೂ ಗುರಿಯಿಡುವ ಮನಸ್ಸು ಮೃದುವಾಗಿ ಉಳಿಯುವುದು ಕಷ್ಟ.

ಹಣವನ್ನು ಪಣಕ್ಕಿಡುವ ಆಟಗಳ ವಿಷಯದಲ್ಲಿ ಇಷ್ಟು ತರ್ಕವೂ ಬೇಡ. ಸಪ್ತವ್ಯಸನಗಳಲ್ಲಿ ದ್ಯೂತವೇ ಮೊದಲನೆಯದು. ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಸಂಬಂಧಪಟ್ಟ ವಿಧಿಗಳನ್ನು ಉಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ರದ್ದುಗೊಳಿಸಿತು; ಕೌಶಲದ ಆಟವೋ ಅದೃಷ್ಟದ ಆಟವೋ ಎಂಬುದೇ ಅಲ್ಲಿನ ವಾದದ ತಿರುಳು. ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಕಾನೂನು ಬರಲಿ, ಬಿದ್ದುಹೋಗಲಿ. ಶ್ರಾವಕನ ನಿಯಮಕ್ಕೆ ನ್ಯಾಯಾಲಯದ ತೀರ್ಪಿನವರೆಗೆ ಕಾಯುವ ಅಗತ್ಯವಿಲ್ಲ.

ಇನ್ನು ಹಿರಿಯರು ಎದುರಿಸಬೇಕಾದ ಪ್ರಶ್ನೆಯೊಂದಿದೆ. ಶಿಡ್ಲಘಟ್ಟವು ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ಗೂಡಿನೊಳಗಿನ ಹುಳು ಜೀವಂತವಾಗಿ ಬೆಂದ ಬಳಿಕವೇ ನೂಲು ಬಿಚ್ಚುತ್ತದೆ. ಚಿತ್ರದ ಮನುಷ್ಯ ಬಿದ್ದರೆ ಪಾಪವೆನ್ನುವ ಅಜ್ಜನು ಪೂಜೆಗೆ ರೇಷ್ಮೆ ಮಡಿಯನ್ನು ಉಟ್ಟಿದ್ದರೆ, ಮೊಮ್ಮಗನು ‘ತಾತ, ಇದರಲ್ಲಿ ಎಷ್ಟು ಜೀವ ಹೋಗಿದೆ?’ ಎಂದು ಕೇಳಿದಾಗ ಉತ್ತರವೇನು? ಇಲ್ಲಿ ಬೆಂದದ್ದು ಹಿಟ್ಟಿನ ಕೋಳಿಯಲ್ಲ, ಸಜೀವ ಪ್ರಾಣಿ. ಈ ಪ್ರಶ್ನೆಗೆ ಸಿಡುಕುವ ಮನೆಯಲ್ಲಿ ಉಪದೇಶ ನಿಲ್ಲುವುದಿಲ್ಲ. ಹತ್ತಿಯ ಧೋತ್ರವನ್ನುಟ್ಟು ಬರುವ ಅಜ್ಜನ ಮಾತಿಗಾದರೆ ತೂಕವಿರುತ್ತದೆ.

ಆಟವೇ ಧರ್ಮದ ವೈರಿಯಲ್ಲ. ಗುಜರಾತ್, ರಾಜಸ್ಥಾನಗಳ ಜೈನರು ಪುಣ್ಯದ ಏಣಿ, ಪಾಪದ ಹಾವುಗಳಿರುವ ‘ಜ್ಞಾನಬಾಜಿ’ ಎಂಬ ಹಾಸಿನ ಮೇಲೆ ಆಡುತ್ತಲೇ ಕರ್ಮಸಿದ್ಧಾಂತವನ್ನು ಕಲಿಸಿದರು. ಬಸದಿ, ಮಂದಿರಗಳ ಟ್ರಸ್ಟುಗಳು ಅಂತಹ ಹಾಸನ್ನು ಕನ್ನಡದಲ್ಲಿ ಮುದ್ರಿಸಿ ಪಾಠಶಾಲೆಗೆ ಕೊಡುವುದು ದೊಡ್ಡ ವೆಚ್ಚದ ಕಾರ್ಯವಲ್ಲ. ಮನೆಯಲ್ಲಿ ಪಾಲಿಸಬೇಕಾದ ನಿಯಮಗಳೂ ಸರಳ. ಆಟದ ಅವಧಿ ಸಾಮಾಯಿಕದ 48 ನಿಮಿಷಗಳನ್ನು ಮೀರದಿರಲಿ; ಆಟ ನಡುಮನೆಯಲ್ಲಿ ಎಲ್ಲರ ಕಣ್ಣೆದುರು ನಡೆಯಲಿ; ರಾತ್ರಿ ಫೋನು ಮಗುವಿನ ಹಾಸಿಗೆಯ ಬಳಿ ಬೇಡ; ಬ್ಯಾಂಕ್ ಕಾರ್ಡಿನ ವಿವರ, ಯುಪಿಐ ಗುಪ್ತಸಂಖ್ಯೆ ಮಗುವಿಗೆ ತಿಳಿಯದಿರಲಿ. ಹಿಡಿತ ತಪ್ಪಿದೆಯೆಂದು ಕಂಡರೆ ಮುಚ್ಚಿಡದೆ ವೈದ್ಯರ ನೆರವನ್ನು ಪಡೆಯಬೇಕು. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆಂದೇ 2014ರಲ್ಲಿ ಚಿಕಿತ್ಸಾಲಯವನ್ನು ತೆರೆದಿದೆ.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಅಂಗಡಿಯ ಬಾಗಿಲು ಹಾಕಿ ಬಂದ ತಂದೆ ತನ್ನ ಫೋನನ್ನು ಕೆಳಗಿಟ್ಟು ಮಗನ ಪಕ್ಕದಲ್ಲಿ ಕುಳಿತು ‘ಯಶೋಧರ ಚರಿತೆ’ಯ ಕಥೆಯನ್ನು ಹೇಳಲಿ. ಕಥೆ ಮುಗಿದ ಮೇಲೆ ಹಸಿರು ರಕ್ತದ ಅರ್ಥವನ್ನು ಮಗನೇ ಹೇಳಿಯಾನು.