ತಿಮಿಂಗಿಲದ ಕಿವಿ, ಕಾಲಾಕೋಟ್‌ನ ಕಲ್ಲು

ಜಮ್ಮುವಿನ ಕಾಲಾಕೋಟ್‌ನಲ್ಲಿ ಭೂವಿಜ್ಞಾನಿ ಎ. ರಂಗರಾವ್ ಸಂಗ್ರಹಿಸಿದ್ದ ಕಲ್ಲುಗಳೊಳಗೆ ತಿಮಿಂಗಿಲದ ವಂಶಕ್ಕೆ ಸಿಕ್ಕ ಅತಿ ಸೊಗಸಾದ ಪುರಾವೆಯೊಂದು ಅಡಗಿತ್ತು. ಅವುಗಳಲ್ಲಿ ಹುದುಗಿದ್ದ, ಸುಮಾರು 4.8 ಕೋಟಿ ವರ್ಷ ಹಿಂದಿನ ಇಂಡೋಹಯಸ್ ನೋಡಲು ಪುಟ್ಟ ಜಿಂಕೆಯಂಥ, ಸಪೂರ ಕಾಲುಗಳ ಗೊರಸುಪ್ರಾಣಿ. ಆದರೆ ಅದರ ಕಿವಿಮೂಳೆಯ ಒಳಗೋಡೆ ದಪ್ಪ. ಈ ಲಕ್ಷಣವನ್ನು ವಿಜ್ಞಾನಿಗಳು ಅದುವರೆಗೆ ತಿಮಿಂಗಿಲ, ಡಾಲ್ಫಿನ್‌ಗಳ ಕುಲಕ್ಕೇ ಮೀಸಲೆಂದು ಎಣಿಸಿದ್ದರು. ವಿಜ್ಞಾನಿ ಹ್ಯಾನ್ಸ್ ಥೆವಿಸ್ಸನ್ ತಂಡ ಇದನ್ನು 2007ರಲ್ಲಿ ಪ್ರಕಟಿಸಿತು.

ಒಂದೇ ಮೂಳೆಯನ್ನು ನಂಬಿ ನೆಂಟಸ್ತನ ಹೇಳಬಹುದೇ? ಕಿವಿಯೊಂದೇ ಸಾಕ್ಷಿಯಲ್ಲ: ಕಾಲಿನ ಮೂಳೆಗಳೂ ನೀರಿಗಿಳಿದು ನಡೆಯುವ ಪ್ರಾಣಿಗಳಂತೆ ದಟ್ಟ, ಹಲ್ಲಿನ ಆಮ್ಲಜನಕದ ಐಸೊಟೋಪುಗಳೂ ಅದನ್ನೇ ಸೂಚಿಸುತ್ತವೆ. ತಿಮಿಂಗಿಲದ ಹತ್ತಿರದ ನೆಂಟ ಯಾರೆಂದರೆ ಡಿಎನ್‌ಎ ನೀರುಕುದುರೆಯತ್ತ ಬೆರಳು ತೋರುವುದು ನಿಜ. ಆದರೆ ಅದು ಇಂದು ಬದುಕಿರುವ ಪ್ರಾಣಿಗಳ ಲೆಕ್ಕ. ಕೋಟ್ಯಂತರ ವರ್ಷ ಹಿಂದೆ ಅಳಿದವುಗಳಿಂದ ಡಿಎನ್‌ಎ ಸಿಗದು. ಆದಿ ತಿಮಿಂಗಿಲ ಪಾಕಿಸೀಟಸ್ ಇನ್ನೂ ಹಳೆಯದಲ್ಲವೇ ಎಂದರೆ, ಹೌದು. ಇಂಡೋಹಯಸ್ ತಿಮಿಂಗಿಲಗಳ ಅಜ್ಜನಲ್ಲ, ದಾಯಾದಿ.