ಆಸ್ಪತ್ರೆಯ ಒಳಗಿನಿಂದ ಬಂದ ಕತೆ

ಬೆಂಗಳೂರಿನ ವಸಂತಪುರದಂಥ ಬಡಾವಣೆಯಲ್ಲಿ ಕಾಯಿಲೆ ಬಿದ್ದರೆ ಯಾವ ಆಸ್ಪತ್ರೆಗೆ ಹೋಗುವುದು ಎಂಬ ಚರ್ಚೆ ನಡೆಯುತ್ತದೆ. ಸಣ್ಣ ಊರಿನ ಬಡವನಿಗೆ ಆ ಚರ್ಚೆಯಿಲ್ಲ. ಅವನ ಪಾಲಿಗೆ ಇರುವುದು ಒಂದೇ ಸರಕಾರಿ ಆಸ್ಪತ್ರೆ. ಅಲ್ಲಿ ಇಂದು ಡಾಕ್ಟರು ಬಂದಿದ್ದಾರೆಯೇ ಎಂಬುದಷ್ಟೇ ಅವನ ಪ್ರಶ್ನೆ. ಈ ಪ್ರಶ್ನೆಯ ಭಾರ ತಿಳಿಯಬೇಕಾದರೆ ಡಾ. ಬೆಸಗರಹಳ್ಳಿ ರಾಮಣ್ಣ (1938-1998) ಅವರ ‘ಗಾಂಧಿ’ ಕತೆಯನ್ನು ಮತ್ತೊಮ್ಮೆ ಓದಬೇಕು.

ಮದ್ದೂರು ತಾಲೂಕಿನ ಬೆಸಗರಹಳ್ಳಿಯ ರಾಮಣ್ಣ ಮಂಡ್ಯ ಜಿಲ್ಲೆಯಲ್ಲಿ ಸರಕಾರಿ ವೈದ್ಯರಾಗಿ ದುಡಿದವರು. ಈ ಕತೆಯಲ್ಲಿ ಗಾಂಧಿ ಎಂದರೆ ರೋಗಿಯಾಗಿ ಆಸ್ಪತ್ರೆ ಸೇರುವ ಬಡ ಹಳ್ಳಿ ಹುಡುಗ. ಪದವಿಪೂರ್ವ ಪಠ್ಯದಲ್ಲೂ ಸೇರಿದ್ದ ಈ ಕತೆಯನ್ನು ನಾವು ಲಂಚದ ವಿರುದ್ಧದ ನೀತಿಪಾಠವೆಂದು ಓದಿ ಮುಗಿಸುತ್ತೇವೆ. ಹುಡುಗನ ಹೆಸರಿನಲ್ಲಿರುವ ವ್ಯಂಗ್ಯವೇ ಈ ಸುಲಭದ ಓದಿಗೆ ದಾರಿ ಮಾಡಿಕೊಟ್ಟಿದೆ. ನನ್ನ ಮಟ್ಟಿಗೆ ಕತೆಯ ಸಣ್ಣ ಕೊರತೆಯೂ ಅದೇ. ಹುಡುಗ ನರಳುವ ಮೊದಲೇ ಅವನ ಹೆಸರು ಮಾತಾಡಿಬಿಡುತ್ತದೆ. ಅವನು ನಿಂಗನೋ ಇಸ್ಮಾಯಿಲನೋ ಆಗಿದ್ದರೂ ನೋವು ಅಷ್ಟೇ ಇರುತ್ತಿತ್ತಲ್ಲವೇ?

ಕತೆಯ ನಿಜವಾದ ಬಲ ಬೇರೆಡೆ ಇದೆ. ಮಂಡ್ಯದ ರೈತರ ಆಡುಮಾತನ್ನು ರಾಮಣ್ಣ ಕಿವಿಗೊಟ್ಟು ಕೇಳಿದವರು. ರೋಗಿಯ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವುದು ಚಿಕಿತ್ಸೆಯ ಮೊದಲ ಮೆಟ್ಟಿಲು. ಸಾಲು ಉದ್ದವಿರುವ ಕಡೆ ಮೊದಲು ಬಲಿಯಾಗುವುದೂ ಅದೇ. ಹಳ್ಳಿಗನ ಕನ್ನಡಕ್ಕೇ ಸಮಯವಿಲ್ಲದ ಕಡೆ, ದಖ್ಖನಿಯಲ್ಲೋ ಬ್ಯಾರಿಯಲ್ಲೋ ನೋವು ಹೇಳಿಕೊಳ್ಳುವ ತಾಯಿಯ ಪಾಡೇನು?

ಆದರೆ ಎಲ್ಲ ತಪ್ಪನ್ನೂ ಡಾಕ್ಟರ ಮನಸ್ಸಿನ ಮೇಲೆ ಹೊರಿಸಿದರೆ ನಮ್ಮ ಕೆಲಸ ಮುಗಿಯುವುದಿಲ್ಲ. ಬಯಲು ಸೀಮೆಯಲ್ಲಿ ಸುಮಾರು 1.2 ಲಕ್ಷ ಜನರಿಗೆ 30 ಹಾಸಿಗೆಗಳ ಒಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕೆಂಬುದು ನಿಯಮ. ಅಲ್ಲಿ ಶಸ್ತ್ರಚಿಕಿತ್ಸೆ, ಹೆರಿಗೆ, ಮಕ್ಕಳು ಮತ್ತು ಸಾಮಾನ್ಯ ರೋಗಗಳ ತಜ್ಞರು ಇರಬೇಕು. ಹೆರಿಗೆ ತಜ್ಞರಿದ್ದೂ ಅರಿವಳಿಕೆ ಕೊಡುವವರಿಲ್ಲದಿದ್ದರೆ ನಡುರಾತ್ರಿ ಗರ್ಭಿಣಿಯನ್ನು ಜಿಲ್ಲಾ ಆಸ್ಪತ್ರೆಗೆ ಸಾಗಿಸಬೇಕಾಗುತ್ತದೆ. ಆಗ ಬೈಗುಳ ತಿನ್ನುವವಳು ಬಾಗಿಲಲ್ಲಿ ನಿಂತ ನರ್ಸ್. ಹುದ್ದೆ ಖಾಲಿ ಬಿಟ್ಟವರು ಯಾರ ಕಣ್ಣಿಗೂ ಬೀಳುವುದಿಲ್ಲ.

ವೈದ್ಯ ಪದವೀಧರರಿಗೆ ಒಂದು ವರ್ಷದ ಸರಕಾರಿ ಸೇವೆ ಕಡ್ಡಾಯವೆಂದು ಕರ್ನಾಟಕ 2012ರಲ್ಲಿ ಕಾಯ್ದೆ ಮಾಡಿತು. ಅದು ನ್ಯಾಯಾಲಯದ ಮೆಟ್ಟಿಲೇರಿತು, 2023ರಲ್ಲಿ ತಿದ್ದುಪಡಿಯೂ ಆಯಿತು. ಕಾಯ್ದೆ ಡಾಕ್ಟರನ್ನು ಊರಿಗೆ ಕಳಿಸಬಹುದು. ಅವರನ್ನು ಅಲ್ಲಿ ಉಳಿಸಿಕೊಳ್ಳಲು ವಾಸಕ್ಕೆ ಮನೆ, ಜೊತೆಗೆ ಸಾಕಷ್ಟು ಸಿಬ್ಬಂದಿ, ಕೈಗೆ ಸಿಗುವ ಔಷಧಿ ಬೇಕು. ಊರಿನ ಮಾತಿನ ಮೇಲೆ ಪ್ರೀತಿಯೂ ಬೇಕು. ರಾಮಣ್ಣನವರಿಗೆ ಆ ಪ್ರೀತಿ ಹುಟ್ಟಿದೂರಿನಿಂದಲೇ ಬಂದಿತ್ತು.

ವೈದ್ಯರು ಬರೆದ ಕತೆಗಳು ಕನ್ನಡದಲ್ಲಿ ಸಾಕಷ್ಟಿವೆ. ನರ್ಸ್, ಆಯಾ, ವಾರ್ಡ್ ಬಾಯ್ ಬರೆದವು ಎಷ್ಟಿವೆ? ‘ಗಾಂಧಿ’ಯ ಮುಂದಿನ ಅಧ್ಯಾಯವನ್ನು ಅವರು ಬರೆಯಬೇಕು. ಅಲ್ಲಿಯವರೆಗೆ ಈ ಕತೆಯನ್ನು ಪರೀಕ್ಷೆಗಾಗಿ ಓದಿದವರು ಪರೀಕ್ಷೆಯ ಹಂಗಿಲ್ಲದೆ ಇನ್ನೊಮ್ಮೆ ಓದಲಿ.